ಕೈ ಎಟುಕದ ಜಾಗ

ದರಕು ಗುಡಿಸುವ ತಿಂಗಳು.
ಬೆಟ್ಟದಿಂದ ನಾಲ್ಕು ಹೆಡಿಗೆ ಹೊತ್ತು ತಂದು
ಕೊಟ್ಟಿಗೆಗೆ ಹಾಸಿ, ಒಳಗೆ ಕಾಲಿಡುವ ಮೊದಲು
ಸೀರೆ ಬಿಸಿನೀರಿಗೆ ಹಾಕಿ, ಮೈಗೆಲ್ಲ ಕೈಯಾಡಿಸಿ
ಎಂದಿದ್ದಾಳೆ ಆಶಾ ಕೆಲಸದ ಶೇವಂತಿ.
ಆಡಿಸುತ್ತೇನೆ.
ಕಂಕುಳು, ಕಿವಿಯ ಹಿಂದೆ, ಮೊಣಕಾಲ ಮಡಿಕೆ, ಹೊಕ್ಕುಳು.
ಇಷ್ಟೊಂದು ಸಂದಿಗಳಿವೆಯೆಂದು
ನಲವತ್ತಾರು ವರ್ಷ ಇದೇ ಮೈಯಲ್ಲಿದ್ದೂ ಗೊತ್ತಿರಲಿಲ್ಲ.

ಉಂಡು ಊದಿದ ಉಣುಗಾದರೆ ಹರಳು ಬೀಜ, ಕಾಣುತ್ತದೆ.
ಮರಿಯೋ, ಎಳ್ಳಿನ ಅರ್ಧ.
ಮಚ್ಚೆ ಅಂದುಕೊಂಡದ್ದಕ್ಕೆ
ಕಾಲು ಮೂಡುತ್ತದೆ.

ಹೋದ ವರ್ಷ ಕೇರಿಯ ಮೇಲಿನ ಬೆಟ್ಟದಲ್ಲಿ
ಎರಡು ಮಂಗ ಸತ್ತು ಬಿದ್ದಿದ್ದವು.
ಅಂದಿನಿಂದ ಯಾರಿಗೆ ಮೈ ಬಿಸಿಯಾದರೂ
ಡಾಕ್ಟರು ನಾಡಿ ಹಿಡಿಯುವ ಮೊದಲೇ ಕೇಳುತ್ತಾರೆ:
ಬೆಟ್ಟಕ್ಕೆ ಹೋಗಿದ್ದಿರಾ?
ಹೋಗದೆ ಏನು ಮಾಡುವುದು, ದನ ಕೆಸರಲ್ಲಿ ಮಲಗುತ್ತದೆಯೇ.

ಡಾಕು ನಮ್ಮ ನಾಯಿ.
ಅವರದ್ದೂ.
ಮನೆ ಪಾಲಾದಾಗ ತಾಮ್ರದ ಹಂಡೆ ಅವರಿಗೆ, ಒರಳು ನಮಗೆ,
ನಡುಮನೆಗೆ ಚಿರೆಕಲ್ಲಿನ ಗೋಡೆ.
ನಾಯಿಯನ್ನು ಕಾಗದದಲ್ಲಿ ಬರೆಸಲು
ಯಾರಿಗೂ ನೆನಪಾಗಲಿಲ್ಲ.
ಇಲ್ಲಿ ಗಂಜಿ ಕುಡಿದು ಅಲ್ಲಿ ಮಲಗುತ್ತದೆ,
ಅಲ್ಲಿ ಬಂಗಡೆಯ ಮುಳ್ಳು ಅಗಿದು ಇಲ್ಲಿ ಬಂದು ಬೊಗಳುತ್ತದೆ,
ಬೇಲಿ ನುಸುಳಿ ನುಸುಳಿ ಎರಡೂ ಹಿತ್ತಿಲಿನ ಉಣುಗನ್ನು
ಎರಡೂ ಮನೆಗೆ ಸಮ ಹಂಚುತ್ತದೆ.
ಪಾಲು ಹಾಗೆ ಮಾಡಿದ್ದರೆ ಜಗಳವೇ ಇರುತ್ತಿರಲಿಲ್ಲ.

ಗೋಡೆಯಾಚೆ ನನ್ನ ವಾರಗಿತ್ತಿ, ಬುದ್ದಿ.
ಕರಿ ಇಶಾಡಿನ ಒಂದು ಟೊಂಗೆ ಅವಳ ಅಂಗಳಕ್ಕೆ ಬಾಗಿ
ಹಣ್ಣು ಯಾರದ್ದೆಂದು ಶುರುವಾದದ್ದು,
ಮೂರು ಮಾವಿನ ಕಾಲದಿಂದ ಮಾತಿಲ್ಲ.
ಆದರೂ ಬೆಳಿಗ್ಗೆ ನಾನು ಡಾಕುವಿನ ಬಲಗಿವಿ ಹೆಕ್ಕಿ ಬಿಟ್ಟರೆ
ಸಂಜೆ ಎಡಗಿವಿಯೂ ಚೊಕ್ಕ.
ಕುತ್ತಿಗೆಯಲ್ಲಿ ಹೊಂಗೆಯೆಣ್ಣೆಯ ವಾಸನೆ,
ನಾನು ಹಚ್ಚಿದ್ದಲ್ಲ.
ಕೇಳಲು ಹೋಗಿಲ್ಲ.

ಶುಕ್ರವಾರ ಅದು ಬಂದು ಕೂತದ್ದು ಬೆನ್ನ ನಡುವೆ,
ಮೇಲಿಂದ ಹೋದ ಕೈಗೂ ಕೆಳಗಿಂದ ಬಂದ ಕೈಗೂ
ಎರಡು ಬೆರಳು ದೂರ.
ಅತ್ತೆ ರವಿಕೆ ತೊಡದವಳು;
ಅವಳ ಮಣಿಸರದ ಸಂದಿಗೆ ಉಣುಗು ಸೇರಿದರೆ ಇಡೀ ಕೇರಿಗೆ ಕಾಣುತ್ತಿತ್ತು,
ದಾರಿಯಲ್ಲಿ ಹೋಗುವವರೂ ನಿಂತು ತೆಗೆಯುತ್ತಿದ್ದರು.
ನಮಗೆ ರವಿಕೆ ಬಂತು, ಬೆನ್ನು ಗುಟ್ಟಾಯಿತು.
ಗಂಡ ಕಾರವಾರದ ಕಡೆ ಕಲ್ಲು ಕಡಿಯಲು ಹೋದವ,
ಬರುವುದು ಆದಿತ್ಯವಾರ.
ಮಗ ಇಶ್ಶೀ ಎಂದು ಓಡಿದ.
ಕನ್ನಡಿ ಹಿಡಿದೆ: ಎಡ ಬಲವಾಗಿ
ಕೈ ಬೇರೆ ಊರಿಗೇ ಹೋಯಿತು.

ನಾಯಿ ಮಾಡಿದ ಕಂಡಿಯಲ್ಲೇ ಬಗ್ಗಿ
ಬೇಲಿ ದಾಟಿದೆ.
ಬುದ್ದಿ ಮೀನು ಕೊಯ್ಯುತ್ತಿದ್ದಳು.
ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದ್ದೆ,
ಹತ್ತೇ ಹೆಜ್ಜೆಯ ದಾರಿ.
ಹೇಳಲಿಲ್ಲ. ತಿರುಗಿ ಬೆನ್ನು ತೋರಿಸಿ ಕೂತೆ.

ಕೈ ತೊಳೆದ ಸದ್ದು.
ಮೊಬೈಲಿನ ಬೆಳಕು.
ಮೂರು ವರ್ಷದ ಮೇಲೆ ಅವಳ ಉಸಿರು ನನ್ನ ಕತ್ತಿಗೆ ತಾಗಿತು,
ಕವಳದ ವಾಸನೆ, ಸ್ವಲ್ಪ ಮೀನು.
ಬೀಡಿಯಲ್ಲಿ ಸುಡಲಿಲ್ಲ, ಉಗುರಲ್ಲಿ ಚಿವುಟಲಿಲ್ಲ,
ಶೇವಂತಿ ಅವಳಿಗೂ ಹೇಳಿರಬೇಕು:
ಚಿಮುಟ ಚರ್ಮಕ್ಕೆ ತಾಗಿಸಿ, ಹಿಸುಕದೆ, ತಿರುಚದೆ, ನೆಟ್ಟಗೆ.
ಅವಸರದವಳು ಬುದ್ದಿ, ಹಾಲು ಉಕ್ಕುವ ಮೊದಲೇ ಇಳಿಸುವವಳು.
ಅಂಥವಳು ಅಷ್ಟು ನಿಧಾನ.

'ತಲೆಯೂ ಬಂತು' ಎಂದಳು.
ಸೀಮೆಎಣ್ಣೆಯ ಗೆರಟೆಯಲ್ಲಿ ಟಪ್ ಎಂದೂ ಕೇಳಲಿಲ್ಲ,
ಅಷ್ಟು ಸಣ್ಣದು.

ಏಳಬೇಕೆನ್ನುವಾಗ ಅವಳೇ ತಿರುಗಿ ಕೂತು
ತುರುಬು ಮೇಲೆತ್ತಿ ಹಿಡಿದಳು.
'ಎರಡು' ಎಂದೆ ನಾನು.
'ಗೊತ್ತು. ನಿನ್ನೆಯಿಂದ ತುರಿಸುತ್ತಿದೆ.'

ಇಶಾಡು ಈ ಸಲ ತುಂಬ ಹೂ ಬಿಟ್ಟಿದೆ.
ಅದರ ಸುದ್ದಿ ಅವಳೂ ಎತ್ತಲಿಲ್ಲ, ನಾನೂ.
ಡಾಕು ಗೋಡೆಯ ಬುಡಕ್ಕೆ ಒರಗಿ
ಹಿಂಗಾಲಲ್ಲಿ ಕಿವಿ ಕೆರೆಯುತ್ತಿತ್ತು.